ಪೈಪ್ ಅಂಕಲ್

ಹೊಸಹಳ್ಳಿಗೆ ಕಾವೇರಿ ಬರುವುದು ನಲ್ಲಿಯಲ್ಲಿ. ತೊರೆಕಾಡನಹಳ್ಳಿಯಿಂದ ಪೈಪಿನೊಳಗೇ ಹತ್ತಿ ಬರುವ ಆಕೆ ಜೊತೆಗೆ ಒಂದು ಮೀನನ್ನೂ ಕರೆತರುವುದಿಲ್ಲ. ಈ ಕಡೆಯ ಸ್ವಂತ ನದಿ ಎಂದರೆ ವೃಷಭಾವತಿ. ಅದರ ಹತ್ತಿರ ಜನ ಮೂಗು ಹಿಡಿದುಕೊಂಡು ಹೋಗುತ್ತಾರೆಯೇ ಹೊರತು ಗಾಳ ಹಿಡಿದುಕೊಂಡಲ್ಲ. ಆದರೂ ಮಾಗಡಿ ರೋಡಿಗೂ ಪೈಪ್‌ಲೈನ್ ರೋಡಿಗೂ ನಡುವೆ ಯಾವ ಕ್ರಾಸಿಗೆ ಬೇಕಾದರೂ ಹೋಗಿ ನೋಡಿ, ಮಂಚದ ಕೆಳಗೆ ಗಾಳದ ಕೋಲು ಇಟ್ಟುಕೊಂಡ ಅಂಕಲ್ ಒಬ್ಬರು ಸಿಕ್ಕೇ ಸಿಗುತ್ತಾರೆ.

ಕೋಲೇ ಆಗಬೇಕೆಂದಿಲ್ಲ. ಕೆಲವರದು ಕ್ಯಾಮೆರಾ ಲೆನ್ಸು, ಕೆಲವರದು ಹಳೇ ರೇಡಿಯೋ, ಇನ್ನು ಕೆಲವರದು ಎಚ್‌ಎಂಟಿ ವಾಚುಗಳ ಸಾಲು. ಈ ಜಾತಿಯವರಿಗೆಲ್ಲ ಲಕ್ಷಣ ಒಂದೇ: ವಸ್ತುವನ್ನು ಇನ್ನೊಬ್ಬರು ಮುಟ್ಟಬಾರದು, ಅದರ ಬೆಲೆ ಮನೆಯವರಿಗೆ ಗೊತ್ತಾಗಬಾರದು. ನಮ್ಮ ಬೀದಿಯ ಅಂಕಲ್ ಪಾಲಿಗೆ ಬಂದದ್ದು ಗಾಳದ ಕೋಲು. ಕೊರಿಯರ್ ಅಂಗಡಿ ಹುಡುಗರ ಬಾಯಲ್ಲಿ ಅವರು ಪೈಪ್ ಅಂಕಲ್. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಅಂಕಲ್ ಮೀನು ತಿನ್ನುವುದಿಲ್ಲ. ಹಿಡಿದರೂ ಫೋಟೋ ತೆಗೆದು ಮತ್ತೆ ನೀರಿಗೇ ಬಿಡುತ್ತಾರೆ. "ತರದೇ ಇರೋದನ್ನ ಹಿಡಿಯೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?" ಎಂದು ಆಂಟಿ ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದಾರೆ. ಉತ್ತರವಾಗಿ ಅಂಕಲ್ ಭೀಮೇಶ್ವರಿಯ ಕಥೆ ತೆಗೆಯುತ್ತಾರೆ. ರಾಗಿ ಮುದ್ದೆಯನ್ನು ಗಟ್ಟಿಯಾಗಿ ಉಂಡೆ ಮಾಡಿ ಗಾಳಕ್ಕೆ ಮೆತ್ತಿ ಕಾವೇರಿಗೆ ಎಸೆದದ್ದು, ಮಹಸೀರ್ ಬಂದು ಕಚ್ಚಿದ್ದು, ಕೋಲು ಕಮಾನಿನಂತೆ ಬಾಗಿದ್ದು, ಮೀನು ತಪ್ಪಿಸಿಕೊಂಡದ್ದು. ಅಲ್ಲಿಂದ ನೇರ ಮೈಸೂರಿನ ವ್ಯಾನ್ ಇಂಗೆನ್‌ಗೆ ನೆಗೆಯುತ್ತಾರೆ. 1946ರಲ್ಲಿ ಆ ಮಹಾನುಭಾವ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕೆ.ಜಿ.ಗೂ ಮೇಲೆ. ವ್ಯಾನ್ ಇಂಗೆನ್ ಹಿಡಿದ ಮೀನಿಗೂ ತಾವು ಬಿಟ್ಟ ಮೀನಿಗೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ ಅನ್ನುವುದು ಅಂಕಲ್ ಲೆಕ್ಕ. ಈಗ ಭೀಮೇಶ್ವರಿಯಲ್ಲಿ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯ ಡುಬ್ಬದ ಮಹಸೀರ್ ಕೂಡ ಅಳಿವಿನ ಅಂಚಿಗೆ ಬಂದು ನಿಂತಿದೆ. ಹಾಗಾಗಿ ಕೋಲಿಗೂ ಅಂಕಲ್‌ಗೂ ಒಟ್ಟಿಗೇ ರಿಟೈರ್‌ಮೆಂಟ್ ಆಯಿತು.

ಹೀಗಿರುವಾಗ ಸುರತ್ಕಲ್‌ನಲ್ಲಿ ಕೆಲಸ ಮಾಡುವ ಭಾಮೈದ ಫೋನ್ ಮಾಡಿದ. "ಭಾವ, ಇಲ್ಲಿ ಸಮುದ್ರದ ದಂಡೇಲಿ ನಿಂತು ಎಲ್ರೂ ಗಾಳ ಹಾಕ್ತಾರೆ. ನಿಮ್ಮ ಕೋಲು ಸುಮ್ನೆ ತಾನೇ ಬಿದ್ದಿರೋದು, ಕೊರಿಯರ್ ಮಾಡಿ."

ಆಂಟಿ ಪಕ್ಕದಲ್ಲೇ ಇದ್ದರು. ತಮ್ಮ ಕೇಳಿದ್ದು, ಇಲ್ಲ ಅನ್ನಲಾಗಲಿಲ್ಲ.

ಅಂದು ರಾತ್ರಿ ಅಂಕಲ್ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಕಾಂಪೌಂಡಿನಲ್ಲಿ ಸಿಕ್ಕಾಗ ನನಗೆ ಕಾರ್ಬನ್ ಕೋಲಿನ ಜಾತಕ ಬಿಡಿಸಿ ಹೇಳಿದರು. "ಬಗ್ಗಿಸಿ, ಬಗ್ಗುತ್ತೆ. ಎಳೀರಿ, ತಡ್ಕೊಳ್ಳುತ್ತೆ. ಆದ್ರೆ ಮೇಲಿಂದ ಒಂದು ಪೆಟ್ಟು ಬಿತ್ತು ಅಂದ್ಕೊಳ್ಳಿ, ಒಳಗೊಳಗೇ ಸೀಳು ಬಿಡುತ್ತೆ. ಕಣ್ಣಿಗೆ ಕಾಣಲ್ಲ. ಯಾವತ್ತೋ ಮೀನು ಎಳೆದಾಗ ಪಟ್ ಅನ್ನುತ್ತೆ. ಗೋಡೌನಲ್ಲಿ ಎಸೆದೋನು ಒಬ್ಬ, ಬೈಸ್ಕೊಳ್ಳೋದು ಮೀನು."

ಪ್ಯಾಕಿಂಗ್ ಕಾರ್ಯ ಮೂರು ದಿನ ನಡೆಯಿತು. ಮೊದಲು ಹಾರ್ಡ್‌ವೇರ್ ಅಂಗಡಿಯಿಂದ 110 ಎಂ.ಎಂ. ಪಿವಿಸಿ ಪೈಪು ಬಂತು, ಪ್ಲಂಬರುಗಳು ಬಾತ್‌ರೂಮಿನ ನೀರು ಹೊರಬಿಡಲು ಹಾಕುತ್ತಾರಲ್ಲ, ಅದು. ಹತ್ತಡಿಯ ಕೋಲನ್ನು ಎರಡು ತುಂಡಾಗಿ ಬಿಚ್ಚಿ, ಒಂದರ ಬುಡಕ್ಕೆ ಇನ್ನೊಂದರ ತುದಿ ಬರುವಂತೆ ಹಿಂದುಮುಂದಾಗಿ ಜೋಡಿಸಿದರು. ದಾರ ಹಾಯುವ ರಿಂಗುಗಳಿಗೆ ಒಂದೊಂದಾಗಿ ಹತ್ತಿ ಸುತ್ತಿದರು. ಅವುಗಳೊಳಗಿನ ಸೆರಾಮಿಕ್ ಬಿಲ್ಲೆ ಚೂರು ಸೀಳಿದರೂ ಆ ಅಂಚು ದಾರವನ್ನು ಕೊಯ್ದುಹಾಕುತ್ತದಂತೆ. ರೀಲಿನ ಹ್ಯಾಂಡಲ್ ಬಿಚ್ಚಿ ಬೇರೆ ಡಬ್ಬಿಗೆ ಹಾಕಿದರು. ಸೀಸದ ಗುಂಡುಗಳನ್ನು ಜೊತೆಗೆ ಕಳಿಸಲೇ ಇಲ್ಲ. "ಪೈಪೊಳಗೆ ಸೀಸದ ಗುಂಡು ಹಾಕೋದೂ ಒಂದೇ, ಸುತ್ತಿಗೆ ಹಾಕೋದೂ ಒಂದೇ" ಅಂದರು.

ಕೊನೆಯಲ್ಲಿ ಎರಡೂ ಬಾಯಿಗೆ ಬಟ್ಟೆ ತುರುಕುವ ಕೆಲಸ. ಪೈಪನ್ನು ಯಾರಾದರೂ ನೆಟ್ಟಗೆ ನಿಲ್ಲಿಸಿ ಕುಕ್ಕಿದರೆ ಕೋಲು ಒಳಗೇ ಜಾರಿ ತುದಿ ಮುಚ್ಚಳಕ್ಕೆ ಗುದ್ದುತ್ತದೆ, ಮೊದಲು ಮುರಿಯುವುದೇ ಅಲ್ಲಿ. ತುರುಕಿದ ಬಟ್ಟೆಯಲ್ಲಿ ಆಂಟಿಯ ಒಂದು ಒಳ್ಳೇ ಟವೆಲ್ಲೂ ಹೋಯಿತು. ಅದರ ವಿಚಾರಣೆ ಇನ್ನೂ ಬಾಕಿ ಇದೆ. ಆಮೇಲೆ ಹೊಸ ಭಯ ಹುಟ್ಟಿತು: ಪೈಪು ಗುಂಡಗಿದೆ, ಲಾರಿಯಲ್ಲಿ ಉರುಳುತ್ತದೆ. ಬಡಗಿಯಿಂದ ಎರಡು ರೀಪರ್ ತಂದು ಎರಡೂ ಪಕ್ಕಕ್ಕೆ ಕಟ್ಟಿದರು. ಮೇಲೆ ಗಾಜಿನ ಲೋಟದ ಚಿತ್ರದ ಸ್ಟಿಕರು. ಅದರ ಕೆಳಗೆ ಕನ್ನಡದಲ್ಲಿ 'ಎಸೆಯಬೇಡಿ', ಹಿಂದಿಯಲ್ಲಿ 'ಫೇಂಕಿಯೇ ಮತ್'. ಎಸೆಯುವವನು ಯಾವ ರಾಜ್ಯದವನೋ ಏನೋ.

ಕೊರಿಯರ್ ಅಂಗಡಿಗೆ ಆಂಟಿಯೂ ಬಂದರು. ಅಲ್ಲಿಂದ ಹಾಗೇ ವಿಜಯನಗರ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವುದಿತ್ತು. ಕೌಂಟರಿನ ಹುಡುಗ ಪಾರ್ಸೆಲ್ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಒಳಗೇನಿದೆ ಅಂಕಲ್?"

"ಕೋಲು."

"ಕೋಲಿಗೆ ಇಷ್ಟೊಂದಾ?" ಅಂದವನೇ ರಸೀದಿಯಲ್ಲಿ 'ಪೈಪು' ಎಂದು ಬರೆದುಕೊಂಡ. ಅಂದಿನಿಂದ ಆ ಹೆಸರು ಬಿತ್ತು.

ಟೇಪು ಹಿಡಿದ. ಗಾತ್ರ ದೊಡ್ಡದಾದರೆ ಕೊರಿಯರಿನವರು ತಕ್ಕಡಿ ನೋಡುವುದಿಲ್ಲ; ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದೇ ಕೆ.ಜಿ. ಬರೀ ಪೈಪಾಗಿದ್ದರೆ 160 ಇಂಟು 11 ಇಂಟು 11, ಅಂದರೆ 3.87 ಕೆ.ಜಿ. ಆಗುತ್ತಿತ್ತು. ಎರಡು ಕಡೆ ರೀಪರ್ ಸೇರಿ ಅಗಲ 16ಕ್ಕೆ ಏರಿದ್ದರಿಂದ ಲೆಕ್ಕ 5.63ಕ್ಕೆ ನಿಂತಿತು. ಅರ್ಧ ಕೆ.ಜಿ.ಯೂ ಇಲ್ಲದ ಕೋಲಿಗೆ ಆರು ಕೆ.ಜಿ. ದುಡ್ಡು. "ಇದ್ರಲ್ಲಿ ಮುಕ್ಕಾಲು ಪಾಲು ಗಾಳಿ ಕಣಯ್ಯಾ!" ಎಂದು ಅಂಕಲ್ ಕೂಗಾಡಿದರು. "ಗಾಳೀನೂ ಲಾರೀಲಿ ಜಾಗ ಹಿಡಿಯುತ್ತೆ ಅಂಕಲ್" ಎಂದ ಹುಡುಗ, ತಲೆ ಎತ್ತದೆ.

ಇಷ್ಟರಲ್ಲಿ ಅಂಕಲ್ ರಸೀದಿಯ ಹಿಂಭಾಗಕ್ಕೆ ಭೂತಗನ್ನಡಿ ಹಿಡಿದಿದ್ದರು. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತುಗಳು. ಮಾಲು ಹಾಳಾದರೆ ನಮ್ಮ ಹೊಣೆ ಇಷ್ಟೇ, ಮಿಕ್ಕದ್ದು 'ಓನರ್ಸ್ ರಿಸ್ಕ್'. ಆ ಸಾಲುಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಅಂಕಲ್‌ಗೆ ಗೊತ್ತು. ಭಾರತಿ ನಿಟ್ಟಿಂಗ್ ಕಂಪನಿ ಎಂಬುವರು ಡಿಎಚ್‌ಎಲ್ ಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. ರಸೀದಿಯಲ್ಲಿ 100 ಡಾಲರ್ ಎಂದು ಅಚ್ಚಾಗಿದ್ದು, ಅದಕ್ಕೆ ನೀವು ಸಹಿ ಹಾಕಿದ್ದರೆ ನಿಮಗೆ 100 ಡಾಲರೇ ಎಂದು 1996ರಲ್ಲಿ ತೀರ್ಪಾಯಿತು. ಅದನ್ನು ಅಂಕಲ್ ಕ್ಯೂನಲ್ಲಿ ನಿಂತವರಿಗೆಲ್ಲ ವಿವರಿಸಿದರು. ಮದುವೆ ಪತ್ರಿಕೆ ಕಳಿಸಲು ಬಂದಿದ್ದವರೊಬ್ಬರು ಗಾಬರಿಯಾಗಿ ತಮ್ಮ ಕವರ್ ವಾಪಸು ತೆಗೆದುಕೊಂಡರು.

"ಹಾಗಾದ್ರೆ ಇನ್ಶೂರೆನ್ಸ್ ಮಾಡ್ಸಿ ಅಂಕಲ್" ಎಂದ ಹುಡುಗ. "ಬೆಲೆ ಹೇಳಿ, ಅದರ ಮೇಲೆ ಪರ್ಸೆಂಟೇಜ್ ಬೀಳುತ್ತೆ. ಬಿಲ್ ಇದ್ರೆ ಒಂದು ಜೆರಾಕ್ಸ್ ಕೊಡಿ. ಎಷ್ಟು ಬರ್ಕೊಳ್ಳಲಿ?"

ಅಂಕಲ್ ಬಾಯಿ ತೆರೆದರು. ಪಕ್ಕದಲ್ಲಿ ಆಂಟಿ ಕೈಚೀಲ ಮಡಿಸುತ್ತಾ ನಿಂತಿದ್ದರು.

ಕೋಲಿನ ಬೆಲೆ ಹದಿನಾರು ಸಾವಿರ. ಕೊಂಡ ದಿನ ಮನೆಯಲ್ಲಿ ಹೇಳಿದ್ದು ಎಂಟುನೂರು.

ನಿಜ ಹೇಳಿದರೆ ಕೋಲು ಉಳಿಯುತ್ತದೆ, ಮನೆ ಉಳಿಯುವುದಿಲ್ಲ. ಸುಳ್ಳು ಹೇಳಿದರೆ ಸುರತ್ಕಲ್‌ವರೆಗೆ ದೇವರೇ ಗತಿ. ಶಿರಾಡಿ ಘಾಟಿಯ ತಿರುವುಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ಗಂಟಲು ಸರಿಮಾಡಿಕೊಂಡು "ಎಂಟುನೂರು ಅಂತ ಬರ್ಕೊಳಪ್ಪ" ಅಂದರು.

"ಎಂಟುನೂರು ರೂಪಾಯಿ ಕೋಲಿಗೆ ಇಷ್ಟು ರಾದ್ಧಾಂತವೇನ್ರೀ?" ಎಂದರು ಆಂಟಿ. ಹುಡುಗ ಒಮ್ಮೆ ಪೈಪಿನ ಕಡೆ, ಒಮ್ಮೆ ಅಂಕಲ್ ಮುಖದ ಕಡೆ ನೋಡಿ ಏನೂ ಕೇಳದೆ ಸೀಲು ಒತ್ತಿದ. ಪಾಪ, ಅವನೂ ಎಲ್ಲೋ ಏನೋ ಬಚ್ಚಿಟ್ಟಿರಬೇಕು.

ಹೊಳೆಯ ದಡದಲ್ಲಿ ಇಡೀ ದಿನ ಅಲ್ಲಾಡದೆ ಕೂರುವ ಮನುಷ್ಯ ಈಗ ಐದು ನಿಮಿಷಕ್ಕೊಮ್ಮೆ ಟ್ರ್ಯಾಕಿಂಗ್ ನೋಡತೊಡಗಿದರು. ಪಾರ್ಸೆಲ್ ನೆಲಮಂಗಲದಲ್ಲೇ ಇದ್ದರೆ "ಯಾರೋ ಅದರ ಮೇಲೆ ಕೂತಿದ್ದಾನೆ". ಹಾಸನ ತಲುಪಿದರೆ "ಇಷ್ಟು ಬೇಗ ಹೇಗೆ ಹೋಯ್ತು, ಎಸೆದೇ ಇರಬೇಕು". ದೂರು ಪತ್ರವನ್ನೂ ಮುಂಚೆಯೇ ಬರೆದಿಟ್ಟು, 'ಮುರಿದಿರುತ್ತದೆ' ಅನ್ನುವ ಪದದ ಪಕ್ಕ ತಾರೀಖಿಗೆ ಜಾಗ ಬಿಟ್ಟಿದ್ದರು.

ಪೈಪು ಸುರತ್ಕಲ್ ತಲುಪಿತು. ವಿಡಿಯೋ ಕಾಲಿನಲ್ಲೇ ಬಿಚ್ಚುವ ಶಾಸ್ತ್ರ. ಅಂಕಲ್ ಹೇಳಿದಂತೆ ಭಾಮೈದ ಬಟ್ಟೆ ಎಳೆದ, ಹತ್ತಿ ಬಿಡಿಸಿದ, ರಿಂಗುಗಳನ್ನು ಒಂದೊಂದಾಗಿ ಕ್ಯಾಮೆರಾಗೆ ತೋರಿಸಿದ. ಒಂದು ಗೀರೂ ಇರಲಿಲ್ಲ. ಅಂಕಲ್ ಮುಖದಲ್ಲಿ ಸಂತೋಷದ ಜೊತೆಗೆ ಸಣ್ಣ ನಿರಾಸೆಯೂ ಕಂಡಿತು. ಅಷ್ಟು ಚೆನ್ನಾಗಿ ಬರೆದ ಪತ್ರ!

"ಸಕತ್ತಾಗಿದೆ ಭಾವ" ಎಂದು ಭಾಮೈದ ಎರಡೂ ತುಂಡು ಜೋಡಿಸಿ, ಹಾಲ್ ಮಧ್ಯೆ ನಿಂತು, ಸಮುದ್ರಕ್ಕೆ ಎಸೆಯುವವನ ಹಾಗೆ ಕೋಲನ್ನು ತಲೆ ಮೇಲಿಂದ ಬೀಸಿದ. ಕೋಲು ಹತ್ತಡಿ, ತಾರಸಿ ಒಂಬತ್ತಡಿ. ನಡುವೆ ಫ್ಯಾನು ತಿರುಗುತ್ತಿತ್ತು.

ಟಕ್ ಅನ್ನುವ ಸದ್ದು ಹೊಸಹಳ್ಳಿಯವರೆಗೂ ಕೇಳಿಸಿತು.

ಅಂಕಲ್ ಮಾತಾಡಲಿಲ್ಲ. ಆಂಟಿಯೇ ಫೋನ್ ಕಿತ್ತುಕೊಂಡು ತಮ್ಮನಿಗೆ ಸಮಾಧಾನ ಹೇಳಿದರು: "ಹೋಗ್ಲಿ ಬಿಡೋ, ಕಣ್ಣಿಗೇನೂ ಬೀಳಲಿಲ್ಲ ತಾನೇ? ಎಂಟುನೂರು ರೂಪಾಯಿ ಕೋಲು, ಏನ್ ಮಹಾ. ಅಲ್ವೇನ್ರೀ?"

"ಹೌದ್ಹೌದು. ಏನ್ ಮಹಾ" ಎಂದರು ಅಂಕಲ್.

ಸಂಜೆ ಹೊತ್ತಿಗೆ ಅವರ ಮೊಬೈಲ್ ಠಣ್ ಅಂದಿತು. ಭಾಮೈದನಿಂದ ಒಂಬೈನೂರು ರೂಪಾಯಿ ಜಮಾ. ಹಿಂದೆಯೇ ಒಂದು ಮೆಸೇಜು: "ಸಾರಿ ಭಾವ. ನೂರು ಜಾಸ್ತಿ ಹಾಕಿದೀನಿ, ಈ ಸಲ ಸ್ವಲ್ಪ ಒಳ್ಳೇದೇ ತಗೊಳ್ಳಿ."