ಆರೋಗ್ಯಕರ ಭಿನ್ನಮತ

(ಒಂದೂರಿನ ಹಾಲು ಉತ್ಪಾದಕರ ಸಹಕಾರ ಸಂಘ. ಆಡಳಿತ ಮಂಡಳಿ ಸಭೆ. ಬೋಂಡಾ ಬಂದಿದೆ, ಆದ್ದರಿಂದ ಕೋರಂ ಭರ್ತಿ.)

ಅಧ್ಯಕ್ಷರು: 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾಕೆ? ಎಲ್ಲರೂ ಧಾರಾಳವಾಗಿ ಮಾತಾಡಲಿ ಅಂತ!

ನಿರ್ದೇಶಕಿ: ರೈತರಿಗೆ ಸಾಲ ಸಿಗಲಿ ಅಂತ, ಸ್ವಾಮಿ.

ಅಧ್ಯಕ್ಷರು: ಅದೂ ಸರಿ. ಈಗ ಸ್ವಾಗತ ಕಮಾನಿನ ವಿಷಯ. ಯಾರಾದರೂ ವಿರೋಧಿಸಿ, ನನಗೆ ಭಿನ್ನಮತ ಅಂದ್ರೆ ಪ್ರಾಣ.

ನಿರ್ದೇಶಕಿ: ಬೇಸಿಗೇಲಿ ಲಾರಿ ಬರೋದರೊಳಗೆ ಹಾಲು ಹುಳಿಯಾಗ್ತಿದೆ. 4 ಡಿಗ್ರಿಯಲ್ಲಿ ತಣ್ಣಗಿಡೋ ಕೂಲರ್ ಮೊದಲು, ಕಮಾನು ಆಮೇಲೆ.

ಅಧ್ಯಕ್ಷರು: ಆಹಾ, ಎಂಥ ಅಭಿಪ್ರಾಯ! ಕಾರ್ಯದರ್ಶಿಗಳೇ, ಬರೆದುಕೊಳ್ಳಿ: ಕಮಾನಿಗೆ ಸರ್ವಾನುಮತದ ಒಪ್ಪಿಗೆ.

ಕಾರ್ಯದರ್ಶಿ: ಹೋದ ವಾರವೇ ಬರೆದಿಟ್ಟಿದ್ದೀನಿ ಸಾರ್.

ಉಪಾಧ್ಯಕ್ಷರು: ನಾನು ಅಧ್ಯಕ್ಷರನ್ನು ಉಗ್ರವಾಗಿ ಖಂಡಿಸ್ತೀನಿ! ಕಮಾನು ಹತ್ತಡಿ ಸಾಲದು, ಹದಿನೈದಡಿ ಬೇಕು. ಮೇಲೆ ಅಧ್ಯಕ್ಷರ ಫೋಟೋ!

ಅಧ್ಯಕ್ಷರು: ನೋಡಿದಿರಾ? ಇದು ಆರೋಗ್ಯಕರ ಭಿನ್ನಮತ.

ನಿರ್ದೇಶಕಿ: ಹಾಗಾದ್ರೆ ನಂದು?

ಅಧ್ಯಕ್ಷರು: ಗುಂಪುಗಾರಿಕೆ.

ನಿರ್ದೇಶಕಿ: ಒಬ್ಬಳೇ ಇದ್ದೀನಲ್ಲ!

ಅಧ್ಯಕ್ಷರು: ಹಾಲು ಹಾಕೋರೆಲ್ಲ ನಿಮ್ಮ ಕಡೆ ಇದ್ದಾರಲ್ಲ!

ನಿರ್ದೇಶಕಿ: ನನ್ನ ವಿರೋಧ ನಡಾವಳಿಯಲ್ಲಿ ದಾಖಲಾಗಲಿ. ಇಲ್ಲದಿದ್ರೆ ಸಹಿ ಹಾಕಲ್ಲ.

ಕಾರ್ಯದರ್ಶಿ: ಸಾರ್, ವಿರೋಧಕ್ಕೆ ಪುಸ್ತಕದಲ್ಲಿ ಜಾಗ ಬಿಟ್ಟಿಲ್ಲ. ‘ಇತರೆ ವಿಷಯ’ದಲ್ಲಿ, ಬೋಂಡಾ ಖರ್ಚಿನ ಕೆಳಗೆ ಹಾಕಲಾ?

(ಕಮಾನು ಎದ್ದಿತು. ಹಾಲು ಒಡೆಯಿತು. ಮಂಡಳಿ ಮಾತ್ರ ಒಡೆಯಲಿಲ್ಲ.)

ಷೇರುದಾರರೇ, ತಲೆಯಾಡಿಸಲು ಕೋಲೆ ಬಸವನೇ ಸಾಕು, ಅದಕ್ಕೆ ಚುನಾವಣೆ ಬೇಕಿಲ್ಲ. ಮುಂದಿನ ಸಲ ‘ಆಗಲ್ಲ’ ಅನ್ನಬಲ್ಲ ನಾಲ್ಕು ಜನರನ್ನಾದರೂ ಆರಿಸಿ ಕಳಿಸಿ.