ಬೇಸ್‌ಮೆಂಟಿನಲ್ಲಿ ಸಾಧಾರಣ ಗಾಂಧಾರ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗನ ಬೇಸ್‌ಮೆಂಟು ಒಂದೋ ಅಕ್ಕಿಮೂಟೆಯ ಉಗ್ರಾಣವಾಗುತ್ತದೆ, ಇಲ್ಲವೇ ಹೋಮ್ ಥಿಯೇಟರಾಗುತ್ತದೆ. ಡೆಟ್ರಾಯಿಟ್ ಪಕ್ಕದ ನೋವೈನಲ್ಲಿರುವ ನಮ್ಮದು ಎರಡೂ ಆಗಿದೆ. ಪರದೆ ಬಂತು, ಪ್ರೊಜೆಕ್ಟರ್ ಬಂತು, ಸೋನಾ ಮಸೂರಿ ಮೂಟೆಗಳು ಮೂಲೆ ಸೇರಿದವು. ಬಾಕಿ ಉಳಿದದ್ದು ಸಬ್‌ವೂಫರ್. ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದರೆ ಧಾರಾಳವಾಗಿ ಸಿಗುತ್ತದೆ. ಆದರೆ ದಿನವಿಡೀ ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ, ಕೈಯಿಂದ ತಟ್ಟಿ ನೋಡುವಂಥದ್ದು ಏನನ್ನಾದರೂ ಮಾಡಬೇಕೆಂಬ ಚಪಲ ನಲವತ್ತರ ಆಸುಪಾಸಿನಲ್ಲಿ ಹುಟ್ಟುತ್ತದೆ. ಕೆಲವರು ಮ್ಯಾರಥಾನ್ ಓಡುತ್ತಾರೆ. ಅದಕ್ಕಿಂತ ಇದು ಮೊಣಕಾಲಿಗೆ ಕ್ಷೇಮ ಅಂದುಕೊಂಡೆ.

ಸ್ಪೀಕರಿಗೆ ಡಬ್ಬ ಕಟ್ಟುವ ಈ ವಿದ್ಯೆಯಲ್ಲಿ ಈಗ ಊಹೆಗೆ ಜಾಗವಿಲ್ಲ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಅದಕ್ಕೆ ತಳಪಾಯ ಹಾಕಿದರು. ಮುಂದಿನ ದಶಕದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಮೇಲೆ ಗೋಡೆ ಎಬ್ಬಿಸಿದರು. ಸ್ಪೀಕರಿನ ಅಳತೆಗಳನ್ನು ಪುಕ್ಕಟೆ ಸಿಗುವ ವಿನ್‌ಐಎಸ್‌ಡಿ ತಂತ್ರಾಂಶಕ್ಕೆ ಕೊಟ್ಟರೆ ಸಾಕು, ಇಂಥ ಡಬ್ಬಕ್ಕೆ ಇಂಥ ಸದ್ದು ಎಂದು ಗೆರೆ ಎಳೆದು ತೋರಿಸುತ್ತದೆ. ನನ್ನ 15 ಇಂಚಿನ ಡ್ರೈವರಿಗೆ ಒಪ್ಪಿದ ಡಬ್ಬ 230 ಲೀಟರಿನದು.

“ನೀರಿನ ಟ್ಯಾಂಕಾ?” ಎಂದಳು ಹೆಂಡತಿ. ಶಿವಮೊಗ್ಗದಿಂದ ಆಗಷ್ಟೇ ಬಂದಿದ್ದ ಅಪ್ಪ, “ನಮ್ಮನೆ ಫ್ರಿಜ್ಜೇ 165 ಕಣೋ” ಎಂದರು.

ಚಿಕ್ಕದು ಮಾಡಬಹುದಲ್ಲ ಎಂದು ಕೇಳುವವರಿಗೆ ಉತ್ತರವಾಗಿ ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ‘ಎಚ್’ ಆಗಿದ್ದ ಹಾಫ್‌ಮನ್ ಒಂದು ನಿಯಮವನ್ನೇ ಬಿಟ್ಟುಹೋಗಿದ್ದಾರೆ. ಪಾತಾಳದ ಸದ್ದು, ಕಡಿಮೆ ಕರೆಂಟಿಗೆ ಹೆಚ್ಚು ಜೋರು, ಪುಟ್ಟ ಡಬ್ಬ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಇದನ್ನು ಹೆಂಡತಿಗೆ ಭಕ್ತಿಯಿಂದ ವಿವರಿಸಿದೆ.

“ಸರಿ, ಪುಟ್ಟ ಡಬ್ಬ, ಕಡಿಮೆ ಕರೆಂಟು ಇರ್ಲಿ ರೀ. ಪಾತಾಳ ಯಾರಿಗೆ ಬೇಕಿತ್ತು?”

ಹಾಫ್‌ಮನ್ನರ ನಿಯಮವನ್ನು ಹೀಗೂ ಓದಬಹುದೆಂದು ನನಗೆ ಹೊಳೆದಿರಲಿಲ್ಲ.

ಗರಾಜಿನಲ್ಲಿ ಕೆಲಸ ಶುರುವಾಯಿತು. ಮುಕ್ಕಾಲು ಇಂಚು ದಪ್ಪದ 4×8 ಅಡಿ ಎಂಡಿಎಫ್ ಹಲಗೆ ಒಂದೇ 40 ಕಿಲೊ ದಾಟುತ್ತದೆ. ಕೊಯ್ದಾಗ ಏಳುವ ಪುಡಿ ಗೋಧಿಹಿಟ್ಟಿನಷ್ಟು ನಯ. ಮಾಸ್ಕ್ ಹಾಕದಿದ್ದರೆ ಮೂಗಿಗೆ ಅದೇ ವಿಭೂತಿ. ಡಬ್ಬದಿಂದ ಗಾಳಿ ಆಡಲು 6 ಇಂಚು ಅಗಲದ, ಎರಡಡಿ ಉದ್ದದ ಪಿವಿಸಿ ಪೈಪು ಬೇಕು. ಪೈಪಿನ ಉದ್ದವೇ ಡಬ್ಬದ ಶ್ರುತಿ: ಉದ್ದವಾದಷ್ಟೂ ಸ್ವರ ಕೆಳಕ್ಕೆ. ನನ್ನದು 18 ಹರ್ಟ್ಸ್‌ಗೆ ಕೂತಿತು.

ಶ್ರುತಿ ಎಂಬ ಪದ ಕಿವಿಗೆ ಬಿದ್ದದ್ದೇ ಅಮ್ಮ ಗರಾಜಿಗೆ ಇಳಿದು ಬಂದರು. ಅರ್ಧ ಆಯುಷ್ಯ ಬೀದಿಯ ಮಕ್ಕಳಿಗೆಲ್ಲ ಸರಳೆ, ಜಂಟಿ ಹೇಳಿಕೊಟ್ಟವರು.

“ಹದಿನೆಂಟು ಅಂದ್ರೆ ಎಲ್ಲಿ ಬರುತ್ತೋ?”

“ನಿನ್ನ ತಂಬೂರಿ ಮಂದ್ರಕ್ಕಿಂತ ಎರಡು ಸ್ಥಾಯಿಗೂ ಕೆಳಗೆ.”

“ಅಷ್ಟು ಕೆಳಗೆ ಯಾರು ಹಾಡ್ತಾರೆ?”

“ಯಾರೂ ಇಲ್ಲಮ್ಮ. ಅಲ್ಲಿ ಕಟ್ಟಡ ಬೀಳುತ್ತೆ, ಹೆಲಿಕಾಪ್ಟರ್ ಬರುತ್ತೆ. ಕಿವಿಗೆ ಸರಿಯಾಗಿ ಕೇಳಲ್ಲ, ಎದೆಗೆ ಗೊತ್ತಾಗುತ್ತೆ.”

ಅಮ್ಮ ಪೈಪನ್ನು ಕಾಲಿನಿಂದ ಮುಟ್ಟಿ ನೋಡಿ, “ಸಂಡಾಸಿನ ಪೈಪು” ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಡಬ್ಬ ಬೇಸ್‌ಮೆಂಟಿಗಿಳಿದು, ಸ್ವಿಚ್ ಹಾಕಿದ ಮರುಕ್ಷಣ ಸಿನಿಮಾಕ್ಕಿಂತ ಮೊದಲು ಬಂದದ್ದು ‘ಗುಂಯ್’ ಎಂಬ ಸದ್ದು. ಅಪ್ಪನ ಮುಖ ಅರಳಿತು. ಅವರು ಕೆಇಬಿಯಲ್ಲಿ ಸಬ್‌ಸ್ಟೇಷನ್ ನೋಡಿಕೊಂಡಿದ್ದವರು. (ಅದರ ಪ್ರಸರಣ ವಿಭಾಗ 1999ರಲ್ಲೇ ಕೆಪಿಟಿಸಿಎಲ್ ಆಗಿದೆ; ಆ ಸುದ್ದಿ ನಮ್ಮ ಮನೆಗಿನ್ನೂ ತಲುಪಿಲ್ಲ.) ಆರು ತಿಂಗಳ ವೀಸಾದಲ್ಲಿ ಬಂದು ಡಿಶ್‌ವಾಷರಿಗೆ ತಟ್ಟೆ ಜೋಡಿಸುವುದಷ್ಟೇ ಪಾಲಿಗೆ ಬಂದಿದ್ದ ಮನುಷ್ಯನಿಗೆ ಕಡೆಗೂ ಒಂದು ಫಾಲ್ಟ್ ಸಿಕ್ಕಿತ್ತು.

“ಅರ್ಥಿಂಗ್ ಕಣೋ ಇದು” ಎನ್ನುತ್ತ ಜೇಬಿನಿಂದ ಟೆಸ್ಟರ್ ತೆಗೆದರು. ಟೆಸ್ಟರ್ ಜೇಬಲ್ಲಿಟ್ಟುಕೊಂಡು ಅಮೆರಿಕಕ್ಕೆ ಬಂದಿದ್ದಾರೆಂದು ಅಂದೇ ನನಗೆ ಗೊತ್ತಾದದ್ದು.

ಅಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. “ರೀ, ಇದು ನಮ್ಮ ಸಬ್‌ಸ್ಟೇಷನ್ ಕ್ವಾರ್ಟರ್ಸಿನ ಟ್ರಾನ್ಸ್‌ಫಾರ್ಮರ್ ಸದ್ದಲ್ಲ. ಅಲ್ಲಿದ್ದದ್ದು ಷಡ್ಜ ಅಂತಿಟ್ಕೊಂಡ್ರೆ, ಇದು ಸಾಧಾರಣ ಗಾಂಧಾರ.”

ನಾನು ನಕ್ಕೆ. ಆಮೇಲೆ ಸುಮ್ಮನೆ ಲೆಕ್ಕ ಹಾಕಿದೆ. ಭಾರತದ ಕರೆಂಟು 50 ಹರ್ಟ್ಸ್, ಇಲ್ಲಿಯದು 60. ಟ್ರಾನ್ಸ್‌ಫಾರ್ಮರು ಅದರ ದುಪ್ಪಟ್ಟಿನಲ್ಲಿ ಗುಂಯ್‌ಗುಡುತ್ತದಾದರೂ ಅನುಪಾತ ಕದಲುವುದಿಲ್ಲ: ಐದಕ್ಕೆ ಆರು. ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವುದು ಅದೇ ಐದಕ್ಕೆ ಆರು. ಎರಡು ದೇಶಗಳ ಗ್ರಿಡ್ಡನ್ನು ಅಮ್ಮ ಮೆಟ್ಟಿಲ ಮೇಲೆ ಕೂತು ಅಳೆದಿದ್ದರು.

ಅಪ್ಪ ಲೈನ್‌ಮನ್ ಶಿಸ್ತಿನಲ್ಲಿ ಒಂದೊಂದೇ ವೈರು ಕಳಚುತ್ತ ಹೋದರು. ಟಿವಿ ಕೇಬಲ್ ಕಿತ್ತ ಕೂಡಲೇ ಸದ್ದು ನಿಂತಿತು. ಕೇಬಲ್ ತನ್ನದೇ ಅರ್ಥ್ ಹೊತ್ತು ಬಂದಿತ್ತು, ಆಂಪ್ಲಿಫೈಯರಿಗೆ ಮನೆಯ ಅರ್ಥ್. ಎರಡರ ನಡುವೆ ಕರೆಂಟು ಸುತ್ತು ಹೊಡೆಯುತ್ತಿತ್ತು. ಇದಕ್ಕೊಂದು ಐಸೊಲೇಟರ್ ಸಿಗುತ್ತದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕೇಬಲ್ಲನ್ನೇ ರದ್ದು ಮಾಡಿಸಿದ್ದಳು. ಇಡೀ ಯೋಜನೆಯಲ್ಲಿ ಹಣ ಉಳಿದದ್ದು ಅದೊಂದೇ ಕಡೆ.

ಇನ್ನು ಡಬ್ಬ ಎಲ್ಲಿಡುವುದು? 20 ಹರ್ಟ್ಸ್‌ನ ಒಂದು ಅಲೆಯೇ 17 ಮೀಟರ್, ನಮ್ಮ ಬೇಸ್‌ಮೆಂಟಿಗಿಂತ ಉದ್ದ. ಸ್ವಲ್ಪ ಮೇಲಿನ ಸ್ವರಗಳಂತೂ ಗೋಡೆಯಿಂದ ಗೋಡೆಗೆ ಬಡಿದು ಒಂದು ಕಡೆ ಗುಡ್ಡೆಯಾಗುತ್ತವೆ, ಇನ್ನೊಂದು ಕಡೆ ಮಾಯವಾಗುತ್ತವೆ. ಬಲ್ಲವರ ಉಪಾಯ ಏನೆಂದರೆ, ಸಬ್‌ವೂಫರನ್ನು ಸೋಫಾ ಇರುವ ಜಾಗದಲ್ಲಿಟ್ಟು, ನೀವು ನೆಲದ ಮೇಲೆ ಅಂಬೆಗಾಲಿಕ್ಕುತ್ತ ಸದ್ದು ಎಲ್ಲಿ ಸಮನಾಗಿ ಕೇಳುತ್ತದೆಂದು ಹುಡುಕಬೇಕು. ಹುಡುಕಿದೆ. ಹಿಂದೆಯೇ ಮಗಳೂ ತೆವಳಿದಳು.

“ಏನೋ ಕಳ್ಕೊಂಡೆ?” ಎಂದರು ಅಮ್ಮ.

“ದುಡ್ಡು, ಅತ್ತೆ” ಎಂದಳು ಹೆಂಡತಿ.

ಸಿಕ್ಕ ಜಾಗ ಅಕ್ಕಿಮೂಟೆಯ ಮೂಲೆ. ಸಂಧಾನವಾಗಿ ಮೂಟೆಗಳು ಡಬ್ಬದ ಮೇಲೇರಿದವು.

ಮೊದಲ ಪ್ರದರ್ಶನಕ್ಕೆ ‘ಎಡ್ಜ್ ಆಫ್ ಟುಮಾರೊ’ (2014) ಹಾಕಿದೆ. ಕಥೆ ಶುರುವಾಗುವ ಮೊದಲೇ ಸ್ಪೀಕರುಗಳ ಸತ್ವಪರೀಕ್ಷೆ ಮಾಡುವ ಆರಂಭ ಅದರದು. ಮೇಲಿನ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳೆಲ್ಲ ಒಟ್ಟಿಗೆ ಮಾತಾಡಿದವು. ಮಗಳಿಗೆ ಪರಮಾನಂದ. ಮರುದಿನ ಅಪ್ಪ-ಅಮ್ಮನ ಸರದಿ: ‘ಬಂಗಾರದ ಮನುಷ್ಯ’ (1972). ಆಗಿನ ಮಾನೊ ಧ್ವನಿಪಥದಲ್ಲಿ ನನ್ನ ಡಬ್ಬಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ರಾಜಕುಮಾರ್ ಊರನ್ನೇ ಉದ್ಧಾರ ಮಾಡುತ್ತಿದ್ದರೆ ಅದು ಅಕ್ಕಿ ಹೊತ್ತು ಕೂತಿತ್ತು.

ಮಧ್ಯಂತರದಲ್ಲಿ ಅಮ್ಮ ಎದ್ದು ಬಂದು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿದರು. ಠಪ್ ಎಂದಿತು. “ಇದ್ಯಾಕೋ ಇಷ್ಟು ಮೊದ್ದು? ಹಲಸಿನ ಮರದಲ್ಲಿ ಮಾಡಿಸಬಾರದಿತ್ತಾ? ನನ್ನ ತಂಬೂರಿ ತಟ್ಟಿದ್ರೆ ಮನೆಯೆಲ್ಲ ಕೇಳುತ್ತೆ.”

“ಅದೇ ಅಮ್ಮ, ಇದು ಕೇಳಬಾರದು. ಮುಂಭಾಗ ಎರಡು ಪದರ, ಒಳಗೆಲ್ಲ ಅಡ್ಡಪಟ್ಟಿ ಕೊಟ್ಟಿದ್ದೀನಿ. ಕೋನ್ ಮಾತ್ರ ಆಡಬೇಕು, ಡಬ್ಬದಿಂದ ಒಂಚೂರೂ ನಾದ ಬರಬಾರದು.”

ಅಮ್ಮ ಅಪ್ಪನ ಕಡೆ ತಿರುಗಿದರು. “ಕೇಳಿದ್ರಾ? ನಾದ ಬರಬಾರದು ಅಂತ ಇಷ್ಟು ದುಡ್ಡು ಸುರಿದಿದ್ದಾನಂತೆ.”