ಕಮೆಂಟುಮಣಿದರ್ಪಣಂ

13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಕನ್ನಡ ನಾಡಿನಲ್ಲಿ ಫೇಸ್‌ಬುಕ್ ಇರಲಿಲ್ಲ. ಇದೊಂದು ಕೊರತೆ ಬಿಟ್ಟರೆ ಆ ಗ್ರಂಥದಲ್ಲಿ ಎಲ್ಲವೂ ಇದೆ. ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಎಂದು ಬೆನ್ನಿಗೆ ಬಾರಿಸಿ ಬಾಯಿಪಾಠ ಮಾಡಿಸಿದ್ದು ಯಾತಕ್ಕೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ನಮಗಂತೂ ಗೊತ್ತಾಗಲಿಲ್ಲ. ಈಗ ಗೊತ್ತಾಗಿದೆ. ಜನಪ್ರತಿನಿಧಿಗಳ ಪೇಜಿನಲ್ಲಿ ಪ್ರಜೆಯ ಮಾತಿಗೆ ಏನೇನು ಗತಿಯಾಗುತ್ತದೆಂದು ವಿವರಿಸಲು ಕನ್ನಡ ವ್ಯಾಕರಣದಷ್ಟು ಸಮರ್ಥವಾದ ಶಾಸ್ತ್ರ ಮತ್ತೊಂದಿಲ್ಲ. ಕೇಶಿರಾಜ ತನ್ನ ಸೂತ್ರಗಳಿಗೆ ಪೂರ್ವಕವಿಗಳಿಂದ ಪ್ರಯೋಗಗಳನ್ನು ಆಯ್ದುಕೊಂಡ. ನಾನು ರಾತ್ರಿ ಹನ್ನೊಂದರ ನಂತರ ಹೊದಿಕೆಯೊಳಗೆ ಮೊಬೈಲ್ ಹಿಡಿದು, ಗುದ್ದಲಿ ಪೂಜೆಯ ಫೋಟೊಗಳ ಅಡಿಯಿಂದ ಆಯ್ದುಕೊಂಡಿದ್ದೇನೆ. ಸಂಶೋಧನೆಯ ಅವಧಿಯಲ್ಲಿ ನನ್ನ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಲೋಪ ಮಾಡಲಾಗಿದೆ.

ಮೊದಲು ಮೂಲಸೂತ್ರ. ಹಳಗನ್ನಡದಲ್ಲಿ ಹೇಳಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲವಾದ್ದರಿಂದ: ‘ಬೆಸಗೊಂಡವಂ ಬ್ಲಾಕಪ್ಪಂ, ಪೊಗಳ್ದವಂ ಪಿನ್ನಪ್ಪಂ.’ ವೃತ್ತಿ: ಪ್ರಶ್ನೆ ಕೇಳಿದವನು ಬ್ಲಾಕ್ ಆಗುತ್ತಾನೆ, ಹೊಗಳಿದವನು ಪಿನ್ ಆಗಿ ಎಲ್ಲರಿಗಿಂತ ಮೇಲೆ ಕೂರುತ್ತಾನೆ. ಪಿನ್ನಪ್ಪ ಎಂಬುದನ್ನು ವ್ಯಕ್ತಿಯ ಹೆಸರೆಂದು ತಿಳಿಯಬಾರದು. ಆದರೂ ಪ್ರತಿ ತಾಲ್ಲೂಕಿನಲ್ಲಿ ಒಬ್ಬನಿದ್ದಾನೆ.

ಇನ್ನು ಸಂಧಿ. ಸ್ವರಕ್ಕೆ ಸ್ವರ ಎದುರಾದಾಗ ಹಿಂದಿನದು ಬಿದ್ದುಹೋಗುವುದು ಲೋಪ; ಊರು, ಊರು ಸೇರಿ ಊರೂರು. ಕಮೆಂಟ್ ಡಿಲೀಟ್ ಆಗುವುದೂ ಇದೇ. ಆದರೆ ಹಿಂದಿನವರು ಒಂದು ಷರತ್ತು ಹಾಕಿದ್ದರು: ಅರ್ಥ ಕೆಡದಿದ್ದರೆ ಮಾತ್ರ ಲೋಪ. ಹೊಸ ವೈಯಾಕರಣರು (ಇವರಿಗೆ ಅಡ್ಮಿನ್ ಎಂದು ಹೆಸರು) ಈ ಷರತ್ತನ್ನು ತಿದ್ದಿ, ಅರ್ಥ ಇದ್ದರೆ ಮಾತ್ರ ಲೋಪ ಎಂದು ಮಾಡಿದ್ದಾರೆ. ‘ಜೈ ಬಾಸ್’ ಎಂಬುದಕ್ಕೆ ಲೋಪವಿಲ್ಲ. ‘ಸರ್, ಇದೇ ಚರಂಡಿಗೆ ಹೋದ ವರ್ಷವೂ ನೀವೇ ಪೂಜೆ ಮಾಡಿದ್ದಿರಿ’ ಎಂಬುದಕ್ಕೆ ನಿತ್ಯಲೋಪ. ಈ ವಾಕ್ಯದಲ್ಲಿ ಕರ್ತೃ, ಕ್ರಿಯಾಪದ, ಕಾಲ ಎಲ್ಲವೂ ಸರಿಯಾಗಿವೆ. ಅದರ ದೋಷವೇ ಅದು. ಚುನಾವಣೆಗೆ ಮೂರು ತಿಂಗಳಿದ್ದಾಗ ಮಾತ್ರ ಲೋಪ ವಿಕಲ್ಪವಾಗಿ, ‘ಗಮನಕ್ಕೆ ತಂದಿದ್ದಕ್ಕೆ ಧನ್ಯವಾದಗಳು’ ಎಂಬ ಉತ್ತರ ಬರುವುದುಂಟು.

ಅಳಿಸಿದ್ದು ಯಾರು? ಇಲ್ಲಿ ಕರ್ಮಣಿ ಪ್ರಯೋಗ ನೆರವಿಗೆ ಬರುತ್ತದೆ. ‘ರಾಮನಿಂದ ರಾವಣ ಕೊಲ್ಲಲ್ಪಟ್ಟನು’ ಎಂಬಲ್ಲಿ ಕರ್ತೃವಿಗೆ ತೃತೀಯಾ ವಿಭಕ್ತಿಯಾದರೂ ಸಿಗುತ್ತದೆ. ‘ಕಮೆಂಟ್ ಅಳಿಸಲ್ಪಟ್ಟಿದೆ’ ಎಂಬಲ್ಲಿ ರಾಮನಿಗೆ ವಿಷಯವೇ ಗೊತ್ತಿಲ್ಲ. ಎಲ್ಲ ಹುಡುಗರು ನೋಡಿಕೊಳ್ಳುತ್ತಾರೆ. ಫೋಟೊ ಹಾಕುವಾಗ ‘ನಾನು’ ಎಂಬ ಉತ್ತಮ ಪುರುಷ, ಅಳಿಸುವಾಗ ‘ಅಡ್ಮಿನ್’ ಎಂಬ ಪ್ರಥಮ ಪುರುಷ. ಮಧ್ಯಮ ಪುರುಷನಾದ ‘ನೀನು’ ಎರಡಕ್ಕೂ ಲೈಕ್ ಒತ್ತಬೇಕು.

ಆಗಮಸಂಧಿಯನ್ನು ವಿಸ್ತರಿಸುವುದಿಲ್ಲ. ಎರಡು ಪದಗಳಲ್ಲೂ ಇಲ್ಲದ ಅಕ್ಷರವೊಂದು ಹೊರಗಿನಿಂದ ಬಂದು ನಡುವೆ ಕೂರುವುದು ಆಗಮ. ಕ್ಷೇತ್ರದಲ್ಲಿ ಮನೆಯಿಲ್ಲದ, ಮತವಿಲ್ಲದ, ಪ್ರೊಫೈಲಿನಲ್ಲಿ ಮುಖವೂ ಇಲ್ಲದ ನಲವತ್ತು ಜನ ಐದು ನಿಮಿಷದಲ್ಲಿ ಬಂದು ಕೂತರೆ ಅದು ಆಗಮ. ‘ಯುವನಾಯಕ’ ಎಂದರೆ ಯಕಾರಾಗಮ, ‘ವಾವ್ ಸಾರ್’ ಎಂದರೆ ವಕಾರಾಗಮ.

ಆದೇಶಸಂಧಿ ಹಾಗಲ್ಲ; ಅದರಲ್ಲಿ ಕಲೆ ಇದೆ. ಕ, ತ, ಪ ಎಂಬ ಪರುಷಾಕ್ಷರಗಳ ಜಾಗಕ್ಕೆ ಗ, ದ, ಬ ಎಂಬ ಸರಳಾಕ್ಷರಗಳು ಬರುತ್ತವೆ. ಮಳೆ, ಕಾಲ ಸೇರಿ ಮಳೆಗಾಲ. ಪರುಷ ಎಂದರೆ ಒರಟು. ಒರಟಾದ ಕಮೆಂಟನ್ನು ಅಳಿಸದೆ, ಹಾಕಿದವನ ಕೈಯಿಂದಲೇ ಸರಳ ಮಾಡಿಸುವುದು ನಮ್ಮ ಕಡೆಯ ಪ್ರತಿಭೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ‘ಹದಿನೈದು ದಿನದಿಂದ ನೀರಿಲ್ಲ, ನಾಚಿಕೆಯಾಗಬೇಕು’ ಎಂದು ಬರೆದರು. ಎಂಟೂವರೆಗೆ ಫೋನ್ ಬಂತು.

‘ಸಾರ್, ನಮಸ್ಕಾರ. ಊಟ ಆಯ್ತಾ?’

‘ಆಯ್ತಪ್ಪ. ಯಾರು?’

‘ನಾನು ಸಾರ್, ನಿಮ್ ಸ್ಟೂಡೆಂಟು. ಏನಿಲ್ಲ, ಆ ಪೋಸ್ಟಿಗೆ ಒಂದ್ ಕಮೆಂಟ್ ಹಾಕಿದೀರಂತೆ. ಸಾಹೇಬ್ರು ನೋಡಿ ಬೇಜಾರ್ ಮಾಡ್ಕೊಂಡ್ರು. ಮೇಷ್ಟ್ರು ನಮ್ಮೋರು, ಅವ್ರೇ ಹಿಂಗಂದ್ರೆ ಹೆಂಗೆ ಅಂದ್ರು. ನಿಮ್ ಬೀದಿ ಪೈಪಿನ ವಿಷ್ಯ ನಾನೇ ಫಾಲೋ ಮಾಡ್ತಿದೀನಿ ಸಾರ್.’

ಒಂಬತ್ತಕ್ಕೆ ಆ ಕಮೆಂಟು ‘ನೀರಿನ ಸಮಸ್ಯೆಯತ್ತ ತಾವು ದಯಮಾಡಿ ಗಮನ ಹರಿಸಬೇಕಾಗಿ ವಿನಂತಿ’ ಎಂದಾಗಿತ್ತು. ಮೇಷ್ಟ್ರು ನಲವತ್ತು ವರ್ಷ ಆದೇಶಸಂಧಿ ಕಲಿಸಿದವರು; ಉದಾಹರಣೆ ಸಿಕ್ಕಿದ್ದು ಈಗ.

ಇದೆಲ್ಲ ನಮ್ಮಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ವಿದ್ಯೆ. ಇದಕ್ಕೆ ಲಿಖಿತ ಭಾಷ್ಯ ಬರೆದವರು ಅಮೆರಿಕದ ನ್ಯಾಯಾಲಯದವರು. ಅಲ್ಲಿಯ ವಾದಗಳನ್ನು ಓದಿದ ಯಾರಿಗೇ ಆದರೂ, ಈ ನ್ಯಾಯಮೂರ್ತಿಗಳು ಗುಟ್ಟಾಗಿ ಕೇಶಿರಾಜನನ್ನು ಓದಿದ್ದಾರೆಂಬ ಅನುಮಾನ ಬರದಿರದು.

ಮೊದಲನೆಯದು ವಿಸರ್ಗ, ಅಂದರೆ ಹೊರಗೆ ಬಿಡುವುದು. ಡೊನಾಲ್ಡ್ ಟ್ರಂಪ್ ಮೊದಲ ಸಲ ಅಧ್ಯಕ್ಷರಾಗಿದ್ದಾಗ ಟ್ವಿಟರಿನಲ್ಲಿ ಟೀಕಿಸಿದವರನ್ನು ಬ್ಲಾಕ್ ಮಾಡಿ ವಿಸರ್ಜಿಸುತ್ತಿದ್ದರು. ಅವರಲ್ಲಿ ಏಳು ಮಂದಿ ಕೊಲಂಬಿಯಾ ವಿಶ್ವವಿದ್ಯಾಲಯದ ನೈಟ್ ಸಂಸ್ಥೆಯೊಡನೆ 2017ರ ಜುಲೈನಲ್ಲಿ ಕೋರ್ಟಿನ ಮೆಟ್ಟಿಲೇರಿದರು. 2018ರ ಮೇ 23ರಂದು ನ್ಯೂಯಾರ್ಕಿನ ನ್ಯಾಯಾಧೀಶೆ ನವೋಮಿ ರೈಸ್ ಬುಕ್ವಾಲ್ಡ್, ಅಧ್ಯಕ್ಷರ ಟ್ವೀಟಿನ ಕೆಳಗೆ ಜನ ಮಾತಾಡುವ ಜಾಗ ಸಾರ್ವಜನಿಕ ವೇದಿಕೆ, ಅಭಿಪ್ರಾಯ ಹಿಡಿಸಲಿಲ್ಲವೆಂದು ಅಲ್ಲಿಂದ ಯಾರನ್ನೂ ಹೊರದಬ್ಬುವಂತಿಲ್ಲ ಎಂದರು. ಬೇಕಾದರೆ ಮ್ಯೂಟ್ ಮಾಡಿಕೊಳ್ಳಬಹುದು. ನಾಯಕ ತನ್ನ ಕಿವಿ ಮುಚ್ಚಿಕೊಳ್ಳಲಿ, ಪ್ರಜೆಯ ಬಾಯಿ ಮುಚ್ಚಿಸದಿರಲಿ. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವರು ಚುನಾವಣೆ ಸೋತಿದ್ದರು, 2021ರ ಜನವರಿ 8ರಂದು ಟ್ವಿಟರ್ ಅವರ ಖಾತೆಯನ್ನೇ ಕಿತ್ತುಹಾಕಿತ್ತು. 8.8 ಕೋಟಿಗೂ ಹೆಚ್ಚು ಹಿಂಬಾಲಕರಿದ್ದ ಕರ್ತೃ ಒಂದೇ ದಿನದಲ್ಲಿ ಕರ್ಮವಾದ ಪ್ರಯೋಗ ಬೇರೆ ಯಾವ ಭಾಷೆಯಲ್ಲೂ ಸಿಗದು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ವ್ಯಾಜ್ಯವೇ ಉಳಿದಿಲ್ಲವೆಂದು ಹಳೆಯ ತೀರ್ಪನ್ನು ರದ್ದು ಮಾಡಿತು. ಅಳಿಸುವುದರ ವಿರುದ್ಧ ಬಂದ ತೀರ್ಪೂ ಅಳಿಸಲ್ಪಟ್ಟಿತು. ಕರ್ಮಣಿ ಪ್ರಯೋಗವನ್ನು ಗಮನಿಸಿ.

ಛಂದಸ್ಸಿನ ಸಮಸ್ಯೆಯೊಂದು ವರ್ಜೀನಿಯಾದಿಂದ ಬಂತು. ಲೌಡನ್ ಕೌಂಟಿಯ ಆಡಳಿತ ಮಂಡಳಿಯ ಅಧ್ಯಕ್ಷೆ ಫಿಲಿಸ್ ರ‍್ಯಾಂಡಲ್ 2016ರಲ್ಲಿ ಒಬ್ಬ ಪ್ರಜೆಯನ್ನು ತಮ್ಮ ಪುಟದಿಂದ ನಿಷೇಧಿಸಿ, ಸುಮಾರು 12 ಗಂಟೆ ಕಳೆದ ಮೇಲೆ ಮನಸ್ಸು ಬದಲಿಸಿ ಒಳಗೆ ಬಿಟ್ಟುಕೊಂಡರು. ಹನ್ನೆರಡು ಗಂಟೆಯ ನಿಷೇಧವನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹಿಡಿಯಬೇಕು ಎಂದಿತು ಕೋರ್ಟು. ಲಘುವಿಗೂ ಒಂದು ಮಾತ್ರೆ ಉಂಟು.

ಈ ಶಾಸ್ತ್ರದ ಶಿಖರವಿರುವುದು ಕ್ಯಾಲಿಫೋರ್ನಿಯಾದ ಪೋವೇ ಎಂಬಲ್ಲಿಯ ಶಾಲಾ ಮಂಡಳಿಯಲ್ಲಿ. ಮಿಶೆಲ್ ಓಕಾನರ್-ರ‍್ಯಾಟ್‌ಕ್ಲಿಫ್ ಮತ್ತು ಟಿ.ಜೆ. ಝೇನ್ ಆಗ ಅಲ್ಲಿಯ ಚುನಾಯಿತ ಸದಸ್ಯರಾಗಿದ್ದರು. ಅವರ ಪುಟಗಳಿಗೆ ಪೋಷಕ ದಂಪತಿಗಳಿಬ್ಬರು ಉದ್ದುದ್ದ ದೂರು ಬರೆಯುತ್ತಿದ್ದರು. ಅಳಿಸಿದರೆ ಮತ್ತೆ ಬರೆಯುವರು. ಆ ಗಂಡ ಒಮ್ಮೆ ಸುಮಾರು ಹತ್ತು ನಿಮಿಷದಲ್ಲಿ ಸದಸ್ಯೆಯ 226 ಟ್ವೀಟುಗಳಿಗೆ ಅದೇ ಒಂದು ಉತ್ತರವನ್ನು 226 ಸಲ ಹಾಕಿದರು. ನಮ್ಮ ವ್ಯಾಕರಣದಲ್ಲಿ ಇದು ದ್ವಿರುಕ್ತಿ. ಉತ್ಸಾಹ, ಆಕ್ಷೇಪ, ಆದರಗಳಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುವುದುಂಟು: ಹೌದು ಹೌದು, ಬೇಡ ಬೇಡ. ಇನ್ನೂರ ಇಪ್ಪತ್ತಾರು ಸಲ ಹೇಳುವಷ್ಟು ಆಕ್ಷೇಪವನ್ನು ಕೇಶಿರಾಜನಂಥವನೂ ಊಹಿಸಿರಲಿಲ್ಲ. ಇವರು ಬರೀ ಶಾಲೆಯ ಬಗ್ಗೆ ಕೇಳುತ್ತಿದ್ದವರು. ನಮ್ಮ ಕುಡಿಯುವ ನೀರಿನವರು ಇನ್ನೂ ಕಣಕ್ಕೆ ಇಳಿದಿಲ್ಲ.

ಮಂಡಳಿಯವರೇನು ಕಮ್ಮಿ! ಫೇಸ್‌ಬುಕ್ಕಿನಲ್ಲಿ ಪದಗಳ ಜರಡಿಯೊಂದಿದೆ. ಬೈಗುಳಗಳ ಪಟ್ಟಿ ಕೊಟ್ಟರೆ ಅವು ಇರುವ ಕಮೆಂಟು ಹೊರಗೆ ಕಾಣುವುದಿಲ್ಲ. ಇವರು ಬೈಗುಳ ಕೊಡಲಿಲ್ಲ. ದಿನಬಳಕೆಯ ಇಂಗ್ಲಿಷ್ ಪದಗಳನ್ನೇ ಕೊಟ್ಟರು. ಸದಸ್ಯೆಯ ಪಟ್ಟಿಯಲ್ಲಿ ಸುಮಾರು 2,000 ಪದ, ಝೇನ್ ಪಟ್ಟಿಯಲ್ಲಿ ಬರೀ 20. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂಬ ಮಾತಿದೆ. ಒಂದಿಡೀ ಭಾಷೆಯ ಬಾಯಿಯನ್ನು ಇಪ್ಪತ್ತೇ ಪದಗಳಿಂದ ಕಟ್ಟಿದ ಝೇನ್ ಅವರಿಗೆ ಅವಳಿ ಜವಳಿ ಹುಟ್ಟಿದ ಸಂತೋಷವಾಗಿರಬೇಕು. ಪದಗಳೆಲ್ಲ ಹೋದ ಮೇಲೆ ಉಳಿದದ್ದು ಲೈಕು, ನಗುಮುಖ, ಸಿಟ್ಟಿನ ಮುಖ. ಇದು ಪ್ರಕೃತಿಭಾವ. ‘ಅಯ್ಯೋ’, ‘ಅಬ್ಬಾ’, ‘ಛೀ’ ಮೊದಲಾದ ಭಾವಸೂಚಕ ಅವ್ಯಯಗಳ ಮುಂದೆ ಸ್ವರ ಬಂದರೂ ಸಂಧಿಯಾಗುವುದಿಲ್ಲವೆಂದು ಓದಿದ್ದೆವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ಕಾಲಕ್ಕೆ ಒಬ್ಬ ಪೋವೇ ಪ್ರಜೆ ತನ್ನ ಪ್ರತಿನಿಧಿಗೆ ಹೇಳಬಹುದಾಗಿದ್ದದ್ದು ‘ಅಯ್ಯೋ’ ಒಂದೇ.

2022ರಲ್ಲಿ ಮೇಲ್ಮನವಿ ನ್ಯಾಯಾಲಯ ದಂಪತಿಗಳ ಪರ ನಿಂತಿತು. ಆದರೆ 2024ರ ಮಾರ್ಚ್ 15ರಂದು ಸುಪ್ರೀಂ ಕೋರ್ಟು ಹೊಸ ಅಳತೆಗೋಲು ಕೊಟ್ಟು, ಮತ್ತೆ ನೋಡಿ ಎಂದು ಹಿಂದಕ್ಕೆ ಕಳಿಸಿತು. ಅಳತೆಗೋಲು ಹುಟ್ಟಿದ್ದು ಮಿಶಿಗನ್ನಿನ ಪೋರ್ಟ್ ಹ್ಯೂರನ್ ಪಟ್ಟಣದ ಆಡಳಿತಾಧಿಕಾರಿ ಜೇಮ್ಸ್ ಫ್ರೀಡ್ ಪ್ರಕರಣದಲ್ಲಿ. ಇವರು ಮತಕ್ಕೆ ನಿಂತವರಲ್ಲ, ಆದರೂ ವ್ಯಾಕರಣದ ದೃಷ್ಟಿಯಿಂದ ಬಿಡಲಾಗದವರು. ಅವರದು ಮೊದಲು ಖಾಸಗಿ ಪ್ರೊಫೈಲು. ಸ್ನೇಹಿತರ ಸಂಖ್ಯೆ 5,000ದ ಮಿತಿಯ ಹತ್ತಿರ ಬಂದಾಗ ಅದನ್ನೇ ಸಾರ್ವಜನಿಕ ಪುಟವಾಗಿ ಮಾಡಿಕೊಂಡರು. ಅದರಲ್ಲಿ ಮಗಳ ಫೋಟೊ, ನಾಯಿ, ಬೈಬಲ್ ವಚನ, ಪಟ್ಟಣದ ಪ್ರಕಟಣೆ, ಕೋವಿಡ್ ಅಂಕಿ ಎಲ್ಲ ಒಂದೇ ತಟ್ಟೆಯಲ್ಲಿ. ಮೇಯರ್ ಜೊತೆ ಹೋಟೆಲಿನಿಂದ ಪಾರ್ಸೆಲ್ ತರುತ್ತಿರುವ ಚಿತ್ರ ಹಾಕಿದಾಗ, ಊರು ಕಷ್ಟದಲ್ಲಿದೆ, ನೀವು ದುಬಾರಿ ಹೋಟೆಲಿನ ಊಟ ಮಾಡುತ್ತಿದ್ದೀರಿ ಎಂದ ನಾಗರಿಕನ ಕಮೆಂಟು ಹೋಯಿತು, ಆಮೇಲೆ ನಾಗರಿಕನೂ ಹೋದ. ಮನೆಯ ಪದಕ್ಕೆ ಸರ್ಕಾರಿ ಪದ ಜೋಡಿಸಿದ ಇಂಥ ಪುಟ ಶುದ್ಧ ಅರಿಸಮಾಸ. ಸಂಸ್ಕೃತಕ್ಕೆ ಕನ್ನಡ ಹೊಸೆದಂತೆ. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬರೆದ ಒಮ್ಮತದ ತೀರ್ಪು ಇದಕ್ಕೆ ಎರಡು ಪ್ರಶ್ನೆ ಇಟ್ಟಿತು: ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ಆತನಿಗೆ ನಿಜಕ್ಕೂ ಇತ್ತೇ? ಆ ಪೋಸ್ಟಿನಲ್ಲಿ ಅದನ್ನು ಚಲಾಯಿಸಿದನೇ? ಎರಡಕ್ಕೂ ಹೌದೆಂದರೆ ಅದು ಸರ್ಕಾರದ ಜಗಲಿ, ಇಲ್ಲವಾದರೆ ಆತನ ನಡುಮನೆ. ಪೋಸ್ಟಿಗೊಂದು ವಿಗ್ರಹವಾಕ್ಯ ಬಿಡಿಸುತ್ತ ಕೂರುವ ಕೆಲಸ ಕೆಳಗಿನ ಕೋರ್ಟುಗಳದ್ದಾಯಿತು. ಕೇಶಿರಾಜ ಇಷ್ಟು ಕಷ್ಟ ಪಡಲಿಲ್ಲ. ಅರಿಸಮಾಸ ತಪ್ಪು, ಬಿರುದಾವಳಿಯಲ್ಲಾದರೆ ಮಾಫಿ ಎಂದು ಬಿಟ್ಟ. ನಮ್ಮ ನಾಯಕರ ಪುಟಗಳಲ್ಲಿ ಬಿರುದಾವಳಿ ಬಿಟ್ಟು ಬೇರೇನೂ ಇಲ್ಲದಿರುವುದರಿಂದ ಅವರು ಆ ವಿನಾಯಿತಿಯ ಕೆಳಗೆ ಬರುತ್ತಾರೆ.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಲೋಪವನ್ನು ಕಮೆಂಟಿಗಲ್ಲ, ಬರೆದವರಿಗೇ ಮಾಡುತ್ತಿದ್ದರು. 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಾಳ್ ಠಾಕ್ರೆಯವರ ನಿಧನದ ನಂತರದ ಬಂದ್ ಬಗ್ಗೆ ಒಬ್ಬ ಯುವತಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಹಿಡಿದರು. ಅದಕ್ಕೆ ಬಳಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಹೊಡೆದುಹಾಕಿತು.

ಕಡೆಯದಾಗಿ ಶಿಥಿಲದ್ವಿತ್ವ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳು ಬರಹದಲ್ಲಿ ಇರುತ್ತವೆ, ಛಂದಸ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಫೇಸ್‌ಬುಕ್ಕಿನ ‘ಹೈಡ್’ ಎಂಬುದು ಇದೇ. ಅಳಿಸಿದರೆ ಬರೆದವನಿಗೆ ಗೊತ್ತಾಗುತ್ತದೆ, ಸಿಟ್ಟು ಬರುತ್ತದೆ. ಹೈಡ್ ಮಾಡಿದರೆ ಬರೆದವನಿಗೂ ಅವನ ಸ್ನೇಹಿತರಿಗೂ ಕಮೆಂಟು ಕಾಣುತ್ತಲೇ ಇರುತ್ತದೆ, ಉಳಿದ ಲೋಕಕ್ಕೆ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದು ಗೊತ್ತಾದದ್ದು ತಡವಾಗಿ. ನೀರಿನ ಬಗ್ಗೆ ಮೇಷ್ಟ್ರ ಜೊತೆ ನಾನೂ ಒಂದು ಕಮೆಂಟ್ ಹಾಕಿದ್ದೆ. ನನಗೆ ಫೋನ್ ಬರಲಿಲ್ಲ. ಕಮೆಂಟು ಅಲ್ಲೇ ಇತ್ತು, ಏಳು ಲೈಕೂ ಬಂದವು. ಪ್ರಜಾಪ್ರಭುತ್ವದ ಮೇಲೆ ನನಗೆ ಗೌರವ ಹೆಚ್ಚಿತು. ಆಮೇಲೊಂದು ದಿನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದಾಗ ಎದುರುಮನೆಯವರು, ‘ನೀವೆಲ್ಲ ಓದಿದೋರು ಸಾರ್. ಒಂದ್ ಮಾತು ಕೇಳಬಾರದಿತ್ತಾ?’ ಎಂದರು. ಕೇಳಿದೀನಲ್ಲ ಎಂದು ಮೊಬೈಲ್ ತೆಗೆದು ತೋರಿಸಿದೆ. ಅವರು ತಮ್ಮ ಮೊಬೈಲ್ ತೆಗೆದು ಅದೇ ಪೋಸ್ಟ್ ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಎಳೆದು ನೋಡಿದೆ. ನಾನಿರಲಿಲ್ಲ. ಎಲ್ಲಕ್ಕಿಂತ ಮೇಲೆ ಪಿನ್ನಪ್ಪನಿದ್ದ.